ಬಕೆಟ್ ಮೆರವಣಿಗೆ

ಹಾಸ್ಟೆಲ್ಲಿನ ಮಾತು ತೆಗೆದಿರಲ್ಲ, ಹಾಗಾದರೆ 2003ರ ಬೇಸಿಗೆಯದು ಹೇಳ್ತೀನಿ ಕೇಳಿ.

ಆ ವರ್ಷದ ಬಗ್ಗೆ ಕೋಲಾರದ ಕಡೆ ಯಾರನ್ನು ಕೇಳಿದರೂ ಮೊದಲು ನೀರಿನ ಮಾತೇ ಬರುತ್ತೆ. ಮಳೆ ವರ್ಷದ ಮೇಲೆ ವರ್ಷ ಕೈಕೊಟ್ಟಿತ್ತು. ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಗೆ ಒಂದೂ ಇಲ್ಲ. ಹಿಂದಿನವರು ಕೆರೆ ಕಟ್ಟಿಕೊಂಡು ಬದುಕಿದರು, ನಾವು ಬೋರ್‌ವೆಲ್ ಕೊರೆಸಿ ಕೊರೆಸಿ ಪಾತಾಳ ಮುಟ್ಟಿದ್ದೆವು. ನಮ್ಮ ಹಾಸ್ಟೆಲ್ಲಿನ ಬೋರು ಶಿವರಾತ್ರಿ ಹೊತ್ತಿಗೇ ಬರೀ ಗಾಳಿ ಉಗುಳೋಕೆ ಶುರುಮಾಡಿತು. ಆಮೇಲೆ ಟ್ಯಾಂಕರೇ ಗತಿ. ಯಾವ ಹಾಸ್ಟೆಲ್ ಅಂತ ಮಾತ್ರ ಕೇಳಬೇಡಿ.

ಆಗಿನ್ನೂ ಜಿಲ್ಲೆ ಒಡೆದಿರಲಿಲ್ಲ. ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಬಾಗೇಪಲ್ಲಿಯವರೂ ನಮ್ಮ ಜೊತೆಗೇ ಇದ್ದರು. ಶ್ರೀನಿವಾಸಪುರದವರು ಮಾವಿನ ತೋಪಿನ ಕಡೆಯ ಹುಡುಗರು, ಮನೆಮಾತು ತೆಲುಗು. ಮುಳಬಾಗಿಲಿನವರದೂ ಅರ್ಧಕ್ಕರ್ಧ ಅದೇ. ಮಾಲೂರಿನವರಲ್ಲಿ ಹೆಂಚಿನ ಫ್ಯಾಕ್ಟರಿ, ಇಟ್ಟಿಗೆ ಗೂಡಿನಲ್ಲಿ ದುಡಿಯೋರ ಮಕ್ಕಳಿದ್ದರು. ಕೆಜಿಎಫ್‌ನಿಂದ ಬಂದ ಕೆಲವರು ತಮಿಳಿನವರು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಅವರ ಮನೆಗಳಲ್ಲಿ ಸಂಬಳ ಅನ್ನೋದು ನಿಂತುಹೋಗಿತ್ತು. ಯಾರನ್ನೂ ಹೆಸರು ಹಿಡಿದು ಕರೀತಿರಲಿಲ್ಲ; ‘ಏ ಮಾಲೂರು’, ‘ಬಾರೋ ಮುಳಬಾಗ್ಲು’, ಅಷ್ಟೆ.

ಊಟಕ್ಕೂ ತಾಲ್ಲೂಕುವಾರು ಕೂರೋದು. ನೋಡೋರಿಗೆ ಊರಿನ ಅಭಿಮಾನದ ಹಾಗೆ ಕಾಣ್ತಿತ್ತು. ಅದರ ಕೆಳಗೆ ಜಾತಿಯ ಲೆಕ್ಕ ಇತ್ತು, ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ವಾರ್ಡನ್ ಸಾಹೇಬರು ಒಳ್ಳೆಯವರೇ. ಆಗಸ್ಟ್ ಹದಿನೈದಕ್ಕೆ ಐಕ್ಯತೆಯ ಮೇಲೆ ಭಾಷಣ ಮಾಡೋರು, ನಾವು ಲಾಡು ತಗೊಂಡು ನಮ್ಮ ನಮ್ಮ ಗುಂಪಿಗೆ ಹೋಗಿ ತಿಂತಿದ್ದೆವು.

ಡಿಗ್ರಿ ಪರೀಕ್ಷೆಯ ಹಿಂದಿನ ದಿನ ಟ್ಯಾಂಕರ್ ಬರಲಿಲ್ಲ. ಸಂಜೆ ಬರುತ್ತೆ ಅಂದರು, ರಾತ್ರಿ ಅಂದರು. ತೊಟ್ಟಿಯ ತಳದಲ್ಲಿ ಕೆಸರು. ಅಡುಗೆಯಮ್ಮ ತನ್ನ ಡ್ರಮ್ಮಿನ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಒನಕೆ ಇಟ್ಟು, “ಇದು ಮುದ್ದೆಗೆ ಕಣ್ರೋ. ಮುಟ್ಟಿದೋನ ಕೈ ಮುರೀತೀನಿ” ಅಂತ ಬಾಗಿಲಲ್ಲೇ ಕೂತಳು. ಅಷ್ಟರಲ್ಲಿ ಮಹಡಿ ಮೇಲೆ ಗದ್ದಲ. ಒಂದು ರೂಮಿನ ಮಂಚದ ಕೆಳಗೆ ತುಂಬಿದ ಬಕೆಟ್ ಸಿಕ್ಕಿತ್ತು, ಮೇಲೆ ಟವೆಲ್ ಮುಚ್ಚಿ ಬಚ್ಚಿಟ್ಟಿದ್ದು. ನಂದಲ್ಲ, ನಂದಲ್ಲ ಅಂತ ಎಲ್ಲರೂ ಅಂದರು. ಮಾತು ನೀರಿಂದ ಊರಿಗೆ, ಊರಿಂದ ಜಾತಿಗೆ ಹೋಯ್ತು. ಇಬ್ಬರ ಅಂಗಿ ಹರಿಯಿತು. ಎಳೆದಾಟದಲ್ಲಿ ಆ ಬಕೆಟ್ಟೂ ಉರುಳಿತು. ನೀರು ಮೆಟ್ಟಿಲಿಳಿದು ಹೋಗೋದನ್ನ ಎಲ್ಲರೂ ನಿಂತು ನೋಡಿದೆವು.

ಆಗ ಕೆಜಿಎಫ್‌ನವನೊಬ್ಬ ಹೇಳಿದ: “ಅಂತರಗಂಗೇಲಿ ನೀರು ಬರ್ತಿದೆ ಅಲ್ವಾ? ಹೋಗೋಣ.”

ಅಂತರಗಂಗೆ ಅಂದರೆ ಕೋಲಾರದ ಪಕ್ಕದ ಬೆಟ್ಟದ ಮೇಲಿನ ನೀರಿನ ಊಟೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಕೈಲಿ ಬಕೆಟ್ಟು, ಹೆಗಲಿಗೆ ಟವೆಲ್ಲು, ಜೇಬಲ್ಲಿ ಸೋಪು, ಕೆಲವರ ಕಂಕುಳಲ್ಲಿ ನೋಟ್ಸು. ಬಕೆಟ್ಟುಗಳ ಸದ್ದಿಗೆ ಊರಿನ ನಾಯಿಗಳೆಲ್ಲ ಎದ್ದವು. ಕ್ಲಾಕ್ ಟವರ್ ಹತ್ತಿರ ಬೀಟಿನ ಪೊಲೀಸಪ್ಪ ಲಾಠಿ ಅಡ್ಡ ಹಿಡಿದ.

“ಯಾವ ಸಂಘಾನ್ರೋ? ಪರ್ಮಿಷನ್ ಇದೆಯಾ?”

“ಸ್ನಾನಕ್ಕೆ ಸಾರ್.”

ಆತನ ಅನುಮಾನಕ್ಕೂ ಅರ್ಥ ಇತ್ತು ಅನ್ನಿ. 1973ರಲ್ಲಿ ಆಗ ಸಚಿವರಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ ಮಾತಿಗೆ ರಾಜ್ಯದಲ್ಲಿ ಗಲಭೆಯೆದ್ದಾಗ ದಲಿತ ಹುಡುಗರ ಹಾಸ್ಟೆಲ್ಲುಗಳಿಗೂ ಏಟು ಬಿದ್ದಿತ್ತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಹಾಸ್ಟೆಲ್ಲಿನ ಅನ್ನ ಉಂಡವರು ಬಹಳ ಮಂದಿ. ಕೋಲಾರವಂತೂ ಸಮಿತಿಯ ಗಟ್ಟಿ ನೆಲ. ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಹಾಸ್ಟೆಲ್ ರೂಮಿನಲ್ಲಿ ಏನೇನು ಹುಟ್ಟುತ್ತೆ ಅಂತ ಬೇರೆ ಹೇಳಬೇಕಿಲ್ಲ. ನಮ್ಮ ಮೆರವಣಿಗೆಗೆ ಅಂಥ ಘನತೆ ಇರಲಿಲ್ಲ. ಪೊಲೀಸಪ್ಪ ನಕ್ಕು, “ಹೋಗ್ರೋ, ಕೋತಿ ಕಾಟ ಇದೆ, ಹುಷಾರು” ಅಂದ.

ಕೋತಿಗಳು ನಿಜಕ್ಕೂ ಕಾದಿದ್ದವು. ಮೆಟ್ಟಿಲು ಹತ್ತುವಾಗಲೇ ಮುಳಬಾಗಿಲಿನವನ ಲೈಫ್‌ಬಾಯ್ ಹೋಯ್ತು. ಮೇಲೆ ಕಲ್ಲಿನ ಬಸವನ ಬಾಯಿಂದ ನೀರು ಬರ್ತಿತ್ತು, ಸಣ್ಣ ಧಾರೆ. ಆ ಬರಗಾಲದಲ್ಲಿ ಅಷ್ಟು ಬಂದದ್ದೇ ದೊಡ್ಡದು. ಅಲ್ಲಿದ್ದ ವಯಸ್ಸಾದವರೊಬ್ಬರು ಕಲ್ಯಾಣಿಗೆ ಸೋಪು ಇಳಿಸಬೇಡಿ, ಮೀಯೋದಾದರೆ ಕೆಳಗೆ ಹೋಗಿ ಅಂತ ಗದರಿದರು. ನ್ಯಾಯವೇ. ಸಾಲಾಗಿ ಮೆಟ್ಟಿಲ ಮೇಲೆ ನಿಂತು ತುಂಬಿದ ಬಕೆಟ್ಟನ್ನ ಕೈಯಿಂದ ಕೈಗೆ ಕೆಳಗಿಳಿಸೋದು, ಖಾಲಿಯದನ್ನ ಮೇಲೆ ಕಳಿಸೋದು ಅಂತಾಯ್ತು.

ಆ ಸಾಲಿನಲ್ಲಿ ಯಾರೂ ಜಾತಿ ನೆನೆಯಲಿಲ್ಲ ಅಂದರೆ ಸುಳ್ಳಾಗುತ್ತೆ. ಶ್ರೀನಿವಾಸಪುರದವನೊಬ್ಬ ತನ್ನ ನೀರು ತಾನೇ ತರ್ತೀನಿ ಅಂತ ಬೇರೆ ನಿಂತ. ಒಂದು ಬಕೆಟ್ ಹೊತ್ತು ಇಳಿಯುವಾಗ ಅರ್ಧ ಅವನ ಪಂಚೆಗೇ ಚೆಲ್ಲಿತು. ಮತ್ತೆ ಹತ್ತಿ ಬಂದ, ಸಾಲು ನೋಡಿದ, ಆಕಾಶ ನೋಡಿದ. ಪರೀಕ್ಷೆಗೆ ಹೊತ್ತಾಗ್ತಿತ್ತು. “ಜರುಗುರಾ” ಅಂತ ಕೆಜಿಎಫ್‌ನವನನ್ನ ಒತ್ತರಿಸಿ ಮಧ್ಯೆ ನುಗ್ಗಿ ನಿಂತ. ಅದು ಮನಃಪರಿವರ್ತನೆಯೋ ಮೈಗಳ್ಳತನವೋ ನನಗೆ ಗೊತ್ತಿಲ್ಲ. ಎರಡನೆಯದೇ ಇರಬೇಕು, ಆದರೂ ಕೊನೇ ಬಕೆಟ್ ಇಳಿಯೋವರೆಗೂ ಅಲ್ಲಿಂದ ಕದಲಲಿಲ್ಲ.

ಪರೀಕ್ಷೆ ಏನೋ ಬರೆದೆವು. ಒಬ್ಬ ಪರೀಕ್ಷಾ ಹಾಲ್‌ನಲ್ಲೇ ನಿದ್ದೆ ಹೋದ.

ಅಂದು ರಾತ್ರಿ ಊಟದ ಹಾಲ್‌ನಲ್ಲಿ ಮತ್ತೆ ಜಗಳ, ಈ ಸಲ ಕೂತುಕೊಂಡು. ಇನ್ನೂರು ಪುಟದ ಒಂದು ನೋಟ್‌ಬುಕ್ ಬಂತು, ನೀರಿನ ಸರದಿಯ ನಿಯಮ ಅದರಲ್ಲಿ ಬರೆದೆವು. ನಾಳೆ ಪರೀಕ್ಷೆ ಇರೋರಿಗೆ ಮೊದಲು, ಜ್ವರ ಬಂದೋರಿಗೆ ಆಮೇಲೆ, ಉಳಿದವರಿಗೆ ರೂಮ್ ನಂಬರಿನ ಪ್ರಕಾರ. ಟ್ಯಾಂಕರ್ ಬಂದಾಗ ಒಬ್ಬ ತೊಟ್ಟಿ ಮೇಲೆ ಪೈಪು ಹಿಡೀಬೇಕು, ಒಬ್ಬ ಕೆಳಗೆ ವಾಲ್ವ್ ನೋಡ್ಕೋಬೇಕು. ಆ ಇಬ್ಬರೂ ಒಂದೇ ತಾಲ್ಲೂಕಿನವರಾಗಿರಬಾರದು. ಒಂದೇ ಊರಿನವರಾದರೆ ಕಳ್ಳತನ ಸುಲಭ ಅನ್ನೋದೇ ಈ ನಿಯಮದ ಹಿಂದಿನ ಆಲೋಚನೆ, ಸೌಹಾರ್ದ ಗಿಹಾರ್ದ ಏನೂ ಅಲ್ಲ. ಆದರೆ ಟ್ಯಾಂಕರಿಗೆ ಕಾಯೋದು ಅಂದರೆ ಗಂಟೆಗಟ್ಟಲೆ ಗೇಟಿನ ಹತ್ತಿರ ಕೂರೋದು. ಬೇರೆ ಊರಿನವನ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂರೋಕೆ ಯಾರಿಂದಾಗುತ್ತೆ? ಗಣಿಯೊಳಗೆ ಎಷ್ಟು ಸೆಕೆ ಇರ್ತಿತ್ತು, ಮಾವಿನ ಹೂವಿಗೆ ಮಂಜು ಬಿದ್ದರೆ ಏನಾಗುತ್ತೆ, ಹೆಂಚಿನ ಮಣ್ಣು ಯಾವ ಕೆರೆಯದು, ಇವೆಲ್ಲ ನಾನು ಕೇಳಿದ್ದು ಆ ಗೇಟಿನಲ್ಲಿ. ಮಳೆಗಾಲದ ಹೊತ್ತಿಗೆ ಊಟದ ಸಾಲುಗಳು ಕಲಸಿಹೋಗಿದ್ದವು. ಪೂರ್ತಿ ಅಲ್ಲ. ಇಬ್ಬರು ಮೂವರು ಕೊನೇವರೆಗೂ ಮೂಲೆ ಬಿಡಲಿಲ್ಲ.

 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರ್ತಿದೆ. ಆ ನೀರಿನ ಗುಣದ ಚರ್ಚೆ ಬೇರೆ, ಅದಕ್ಕೆ ಇನ್ನೊಂದು ರಾತ್ರಿ ಬೇಕು.

ಶ್ರೀನಿವಾಸಪುರದವನು ಮಾವಿನ ಮಂಡಿ ಇಟ್ಟಿದ್ದಾನೆ, ಕೆಜಿಎಫ್‌ನವನು ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡ್ತಾನೆ. ಇಬ್ಬರೂ ಫೋನ್ ಮಾಡಿದಾಗೆಲ್ಲ ಅದೇ ವ್ಯಾಜ್ಯ: ಮಂಚದ ಕೆಳಗಿನ ಬಕೆಟ್ ಯಾರದು? ಒಬ್ಬರ ಮೇಲೊಬ್ಬರು ಹಾಕ್ತಾರೆ. ನನ್ನನ್ನ ಕೇಳಿದರೆ ಮಾಲೂರಿನವನೊಬ್ಬನ ಮೇಲೇ ಅನುಮಾನ. ಅವತ್ತು ಹಾಸ್ಟೆಲ್ಲಿನವರಲ್ಲಿ ಟವೆಲ್ ಇಲ್ಲದೆ ಅಂತರಗಂಗೆಗೆ ಬಂದವನು ಅವನೊಬ್ಬನೇ.