ಮಾತು ಕೇಳದ ಮೋಟಾರು

ಬಿ.ಎ. ಓದುವವನಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ರೇಷ್ಮೆಗೂಡಿನಿಂದ ನೂಲು ಬಿಚ್ಚುವುದು ನಮ್ಮ ಮನೆಯ ಕಸುಬು. ಅಪ್ಪ ಬಿಸಿನೀರಿನ ಮುಂದೆ ಕುಳಿತು ಎಳೆ ಕೂಡಿಸುತ್ತಾರೆ. ಚರಕದ ಹಿಡಿ ತಿರುಗಿಸುವುದು ಅಮ್ಮನ ಪಾಲು. ನನ್ನ ಕಾಲೇಜಿನ ಶುಲ್ಕ ಆ ಹಿಡಿಯಿಂದಲೇ ಬಂದದ್ದು. ಕಳೆದ ವರ್ಷ ಅವಳ ಬಲಭುಜ ನೋಯತೊಡಗಿತು. ಹೊಸ ಯಂತ್ರ ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಡಿಪ್ಲೊಮಾ ಓದಿದ ಸೋದರಮಾವನ ಮಗ ಚರಕಕ್ಕೆ 12 ವೋಲ್ಟಿನ ಮೋಟಾರು ಜೋಡಿಸಿದ. ಎಳೆ ತುಂಡಾಗದಂತೆ ವೇಗವನ್ನು ಹದ ಮಾಡಬೇಕಷ್ಟೆ. ಅದಕ್ಕಾಗಿ ಹಳೆಯ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕೇಬಲ್ಲಿನ ಮೂಲಕ ಆರ್ಡುಯಿನೊ ಎಂಬ ಅಂಗೈಯಗಲದ ಬೋರ್ಡಿಗೆ ಅಪ್ಪಣೆ ಹೋಗಬೇಕು. ಬೋರ್ಡು ಅದನ್ನು ಮೋಟಾರಿಗೆ ಮುಟ್ಟಿಸಬೇಕು. ಆದರೆ ಮೋಟಾರು ಅಲುಗಲಿಲ್ಲ.

ನನ್ನ ಪಾಲಿಗೆ ಬಂದದ್ದು ನೋಟುಪುಸ್ತಕ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದೇನು, ಕಂಡದ್ದೇನು ಎಂದು ಬರೆದಿಡುವುದು. ಮೋಟಾರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟೆವು, ತಿರುಗಿತು. ಆದುದರಿಂದ ಅದು ನಿರ್ದೋಷಿ. ಲ್ಯಾಪ್‌ಟಾಪಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಕೇಬಲ್ಲು ಫೋನು ಚಾರ್ಜಿಗೆ ಮಾತ್ರ ಆಗುವಂಥದು. ವಿದ್ಯುತ್ತಿನ ಎರಡು ತಂತಿಗಳಿದ್ದವು, ಮಾತು ಸಾಗಿಸುವ ಎರಡು ತಂತಿಗಳಿರಲಿಲ್ಲ. ಬೇರೆ ಕೇಬಲ್ಲು ಹಾಕಿದಾಗ ಬೋರ್ಡು ಉತ್ತರಿಸಿತು, ಅರ್ಥವಿಲ್ಲದ ಅಕ್ಷರಗಳಲ್ಲಿ! ಅದು ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ ಆಡುತ್ತಿತ್ತು. ಲ್ಯಾಪ್‌ಟಾಪು 115200ರ ವೇಗದಲ್ಲಿ ಕೇಳುತ್ತಿತ್ತು. ಎರಡನ್ನೂ 9600ಕ್ಕೆ ತಂದೆವು. ಆಮೇಲೆ ಮೊದಲ ಅಪ್ಪಣೆ ಮಾತ್ರ ಕಳೆದುಹೋಗುತ್ತಿತ್ತು. ಸಂಪರ್ಕ ತೆರೆದೊಡನೆ ಈ ಬೋರ್ಡು ಹೊಸದಾಗಿ ಚಾಲೂ ಆಗುತ್ತದೆ. ಎರಡು ಸೆಕೆಂಡು ತಾಳಿದರೆ ಕೇಳುತ್ತದೆ.

ಕೊನೆಯ ತೊಡಕೇ ದೊಡ್ಡದು. ಮೋಟಾರಿಲ್ಲದೆ ಗಂಟೆಗಟ್ಟಲೆ ನಿಲ್ಲುವ ಸಂಪರ್ಕ, ಮೋಟಾರು ತಿರುಗಿದರೆ ನಿಮಿಷದೊಳಗೆ ಕಡಿಯುವುದೆಂದು ನೋಟುಪುಸ್ತಕ ಹೇಳಿತು. ಮೋಟಾರಿನೊಳಗೆ ಬ್ರಷ್ಷುಗಳು ಉಜ್ಜುವಲ್ಲಿ ಸಣ್ಣ ಕಿಡಿಗಳೇಳುತ್ತವೆ; ಅವು ತಂತಿಯಲ್ಲೂ ಗಾಳಿಯಲ್ಲೂ ರೇಡಿಯೊ ಗದ್ದಲ ಹಬ್ಬಿಸುತ್ತವೆ. ಆಗ ನಮ್ಮ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ನೆನಪಾಯಿತು. 1976ರಲ್ಲಿ ಅಲ್ಲಿ ಆರಂಭವಾದ ದೂರದರ್ಶಕದಲ್ಲಿ ಸಾವಿರ ಆಂಟೆನಾಗಳು ನಿಂತಲ್ಲೇ ನಿಂತು 34.5 ಮೆಗಾಹರ್ಟ್ಸಿನಲ್ಲಿ ಆಕಾಶಕ್ಕೆ ಕಿವಿಗೊಟ್ಟವು. ಅವನ್ನು ತಿರುಗಿಸಲು ಮೋಟಾರಿರಲಿಲ್ಲ. ಬಂದ ಸಂಕೇತಗಳನ್ನು ಹೊಂದಿಸಿ ಕೂಡಿಸುವ ಬಗೆಯಿಂದಲೇ ನೋಟದ ದಿಕ್ಕು ಬದಲಾಗುತ್ತಿತ್ತು. ಚರಕಕ್ಕೆ ಆ ಭಾಗ್ಯವಿಲ್ಲ, ಅದು ತಿರುಗಲೇಬೇಕು. ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೊಫ್ಯಾರಡಿನ ಕೆಪಾಸಿಟರು ಬೆಸೆದು, ಅದರ ತಂತಿಗಳನ್ನು ಹುರಿಮಾಡಿ ಯುಎಸ್‌ಬಿ ಕೇಬಲ್ಲಿನಿಂದ ದೂರವಿಟ್ಟೆವು. ಸಂಪರ್ಕ ನಿಂತಿತು.

ಅಮ್ಮ ನೋಡಿ, "ನಿಲ್ಲಿಸೋದು ಹೆಂಗಪ್ಪಾ?" ಎಂದಳು. ಕೈಯಾದರೆ ಎಳೆ ಸಿಕ್ಕಿಕೊಂಡೊಡನೆ ತಾನೇ ನಿಲ್ಲುತ್ತದೆ. ಮೋಟಾರಿಗೆ ಆ ಬುದ್ಧಿ ಕಲಿಸಬೇಕು. ಒಂದು ಸೆಕೆಂಡು ಅಪ್ಪಣೆ ಬಾರದಿದ್ದರೆ ಬೋರ್ಡು ಮೋಟಾರನ್ನು ನಿಲ್ಲಿಸುವಂತೆ ಮಾಡಿದೆವು. ಅಪ್ಪನ ಕೈಗೆಟಕುವಂತೆ ಒಂದು ಸ್ವಿಚ್ಚನ್ನೂ ಇಟ್ಟೆವು.

ನೋಟುಪುಸ್ತಕ ಈಗ ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿದೆ. ಅವರೂ ನೂಲು ಬಿಚ್ಚುವವರೇ. ಕನ್ನಡದಲ್ಲಿ ಬರೆದಿದ್ದುದರಿಂದ, ಏಳನೆಯ ತರಗತಿಯ ಅವರ ಮಗಳು ಅದನ್ನು ಓದಿ ಹೇಳುತ್ತಿದ್ದಾಳೆ.