ಎರಡು ಹಡಗುಗಳಿಂದಾದ ಒಂದು ಹಡಗು



ಊರಿನಲ್ಲಿ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಮುಂಬಯಿಗೆ ಬಂದವರು ನಾವು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಮರಾಠಿ ಶಬ್ದಗಳು ನುಸುಳಿದ್ದುದನ್ನು ಕಂಡು, ‘ಕಲಬೆರಕೆ’ ಎಂದು ಕೆಂಪು ಮಸಿಯಲ್ಲಿ ಬರೆದು, ತರಗತಿಯಲ್ಲಿಯೇ ಓದಿ ಹೇಳಿದೆವು. ಅಂದಿನಿಂದ ಆ ಹುಡುಗನು ಕೈಯೆತ್ತಿ ಉತ್ತರ ಹೇಳುವುದನ್ನೇ ಬಿಟ್ಟನು. ನಮ್ಮ ತಪ್ಪನ್ನು ನಮಗೆ ತೋರಿಸಿಕೊಟ್ಟುದು ಒಂದು ಹಡಗಿನ ಚರಿತ್ರೆ.

ಬ್ರಿಟಿಷ್ ನೌಕಾಪಡೆಯಲ್ಲಿ ‘ನೂಬಿಯನ್’ ಮತ್ತು ‘ಜುಲು’ ಎಂಬ ಎರಡು ಡಿಸ್ಟ್ರಾಯರುಗಳಿದ್ದವು. ಶತ್ರುವಿನ ಟಾರ್ಪೆಡೊ ದೋಣಿಗಳನ್ನು ಬೆನ್ನಟ್ಟಲೆಂದು ಹುಟ್ಟಿದ ವೇಗದ ಯುದ್ಧನೌಕೆಗಳಿಗೆ ಡಿಸ್ಟ್ರಾಯರ್ ಎಂದು ಹೆಸರು. ಎರಡೂ ನೀರಿಗಿಳಿದುದು 1909ರಲ್ಲಿ. ಕಟ್ಟಿದ ಕಾರ್ಖಾನೆಗಳು ಮಾತ್ರ ಬೇರೆ ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಇವು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಡೋವರ್ ಜಲಸಂಧಿಯನ್ನು ಕಾಯುತ್ತಿದ್ದವು.

1916ರ ಅಕ್ಟೋಬರಿನ ಒಂದು ರಾತ್ರಿ ಜರ್ಮನ್ ಟಾರ್ಪೆಡೊ ತಗಲಿ ನೂಬಿಯನ್ನಿನ ಮುಂಭಾಗವು ಕಳಚಿಹೋಯಿತು. ನವೆಂಬರಿನಲ್ಲಿ ಸಮುದ್ರದಲ್ಲಿ ಹುದುಗಿಸಿದ್ದ ಸಿಡಿಗುಂಡಿಗೆ ಜುಲುವಿನ ಹಿಂಭಾಗವು ಬಲಿಯಾಯಿತು. ಉಳಿದುದು ಎರಡು ಅರೆಹಡಗುಗಳು. ಅವನ್ನು ಗುಜರಿಗೆ ಹಾಕಬಹುದಾಗಿತ್ತು. ಆದರೆ ಚಾಟಮ್ ಹಡಗುಕಟ್ಟೆಯ ಕೆಲಸಗಾರರು ಜುಲುವಿನ ಮುಂಭಾಗಕ್ಕೆ ನೂಬಿಯನ್ನಿನ ಹಿಂಭಾಗವನ್ನು ಜೋಡಿಸಿದರು. ಎರಡರ ಅಗಲದಲ್ಲಿ ಸುಮಾರು 3½ ಅಂಗುಲಗಳ ವ್ಯತ್ಯಾಸವಿತ್ತು, ಅದನ್ನೂ ಸರಿಪಡಿಸಿದರು. ಹೆಸರನ್ನೂ ಹಾಗೆಯೇ ಬೆಸೆದು ‘ಜೂಬಿಯನ್’ ಎಂದು ಕರೆದರು.

1917ರ ಜೂನಿನಲ್ಲಿ ಜೂಬಿಯನ್ ಸೇವೆಗೆ ಸೇರಿ, ಅದೇ ಜಲಸಂಧಿಗೆ ಕಾವಲಾಗಿ ನಿಂತಿತು. 1918ರ ಫೆಬ್ರವರಿಯಲ್ಲಿ ಒಂದು ಜರ್ಮನ್ ಜಲಾಂತರ್ಗಾಮಿಯನ್ನು ಮುಳುಗಿಸಿದ ಕೀರ್ತಿಯು ಆಗ ಅದಕ್ಕೆ ಸಂದಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅದನ್ನು ಒಡೆಯಲು ಮಾರಿದರು.

ಇದನ್ನು ಓದಿದ ರಾತ್ರಿ ನಮಗೆ ಆ ಹುಡುಗನ ಮುಖ ನೆನಪಾಯಿತು. ಮುಂಬಯಿಯಲ್ಲಿ ನಾವು ಊರಿನವರು, ಊರಿಗೆ ಹೋದರೆ ಮುಂಬಯಿಯವರು. ಹೀಗೆ ಜೋಡಣೆಯಾದ ನಾವೇ ಅವನನ್ನು ಹಳಿದಿದ್ದೆವು! ಮರುದಿನ ಅವನ ಪುಸ್ತಕವನ್ನು ತರಿಸಿ, ‘ಕಲಬೆರಕೆ’ ಎಂಬುದನ್ನು ಹೊಡೆದುಹಾಕಿ, ತಪ್ಪು ನಮ್ಮದೆಂದು ತರಗತಿಯ ಮುಂದೆಯೇ ಹೇಳಿದೆವು.

ಹಾಗೆಂದು ಬೇಕಾದಂತೆ ಬೆರೆಸಿ ಬರೆಯಿರಿ ಎಂದು ನಮ್ಮ ಮಾತಲ್ಲ. ಜೋಡಣೆಯಲ್ಲಿ ಸಂದು ಉಳಿದರೆ ಹಡಗಿನೊಳಕ್ಕೆ ನೀರು ನುಗ್ಗುತ್ತದೆ. ಕನ್ನಡವನ್ನು ಚೆನ್ನಾಗಿ ಕಲಿಯಿರಿ, ಮರಾಠಿಯನ್ನೂ ಚೆನ್ನಾಗಿ ಕಲಿಯಿರಿ. ಆ ಅಂಗುಲಗಳ ವ್ಯತ್ಯಾಸವನ್ನು ಸರಿಪಡಿಸುವುದಕ್ಕಾಗಿಯೇ ಅಲ್ಲವೇ ನಾವು, ಶಿಕ್ಷಕರು, ಇರುವುದು?