ದಮಾಮಿಯ ನಾಡಿನಲ್ಲಿ ರ‍್ಯಾಪ್ ಹಾಡು

ಹಳಿಯಾಳದಿಂದ ದಾಂಡೇಲಿಗೆ ಹೊರಟ ಬಸ್ಸು. ಕಿಟಕಿಯಾಚೆ ಹೊಲಗಳು ಸರಿದು ಸಾಗವಾನಿ ಮರಗಳು ಶುರುವಾಗಿದ್ದವು. ಹಿಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗನ ಮೊಬೈಲಿನಲ್ಲಿ ಇಂಗ್ಲಿಷ್ ರ‍್ಯಾಪ್ ಹಾಡು. ನನ್ನ ಪಕ್ಕದ ಹಿರಿಯರು ತಿರುಗಿ ನೋಡಿದರು.

"ಇದು ಹಾಡೋ, ಜಗಳಾನೋ ತಮ್ಮಾ?"

"ಹಾಡ ರೀ ಅಜ್ಜಾ. ಹಾಡಿದಾಂವ ಬೆಂಗಳೂರಾಗ ಇದ್ದಾಂವ. ಅಮೆರಿಕಾದಾಗೂ ಅವನ ಹೆಸರ ಐತಿ."

ಹುಡುಗನ ಮಾತು ಸುಳ್ಳಲ್ಲ. ಹನುಮಾನ್‌ಕೈಂಡ್ ಎಂಬ ಹೆಸರಿನಿಂದ ಹಾಡುವ ಸೂರಜ್ ಚೆರುಕಟ್ ಹುಟ್ಟಿದ್ದು ಕೇರಳದಲ್ಲಿ. ಬಾಲ್ಯದ ಹಲವು ವರ್ಷ ಕಳೆದದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ. ಭಾರತಕ್ಕೆ ಮರಳಿ ಕೊಯಮತ್ತೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ನೌಕರಿ ಹಿಡಿದು, ಕೊನೆಗೆ ಅದನ್ನು ಬಿಟ್ಟು ಹಾಡಿಗೇ ನಿಂತರು. ಮೊದಲ ಹಾಡುಗುಚ್ಛ ಬಂದದ್ದು 2019ರಲ್ಲಿ. 2024ರ ಜುಲೈನಲ್ಲಿ ಬಂದ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ನೂರು ಹಾಡುಗಳ ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿ ಹಾಡುವಾಗ ಅವರು ವೇದಿಕೆಗೆ ಕರೆತಂದದ್ದು ಯಾರನ್ನು ಗೊತ್ತೇ? ಕೇರಳದ ಚೆಂಡೆಯವರನ್ನು!

ಈ ಮಾತು ಮನಸ್ಸಿನಲ್ಲಿ ಉಳಿಯಲು ಕಾರಣ, ನಾವು ಸಾಗುತ್ತಿದ್ದ ನಾಡು. ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಇವರ ಡೋಲಿಗೆ ದಮಾಮ್ ಎಂದು ಹೆಸರು. ಅದರ ಬಡಿತಕ್ಕೆ ಹಾಡಿ ಕುಣಿಯುವುದೇ ದಮಾಮಿ.

ರ‍್ಯಾಪ್ ಕೂಡ ಆಫ್ರಿಕಾ ಮೂಲದವರದೇ ಕೊಡುಗೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಬ್ಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲು ಒಂದು ಪಾರ್ಟಿ ಏರ್ಪಡಿಸಿದಳು. ಅಲ್ಲಿ ರೆಕಾರ್ಡು ನುಡಿಸಿದವನು ಜಮೈಕಾದಿಂದ ಬಂದಿದ್ದ ಅವಳ ಅಣ್ಣ ಕೂಲ್ ಹರ್ಕ್. ಹಿಪ್‌ಹಾಪ್ ಹುಟ್ಟಿದ ದಿನ ಅದೇ ಎನ್ನುತ್ತಾರೆ. ಅಲ್ಲೂ ಇಲ್ಲೂ ಕೈಯಲ್ಲಿ ಕಾಸಿಲ್ಲದವರೇ ತಾಳ ಉಳಿಸಿಕೊಂಡದ್ದು!

ಹಾಗೆಂದು ದಮಾಮಿಯೇನೂ ಕಾಡಿನಲ್ಲೇ ಉಳಿದಿಲ್ಲ. 2021ರ 'ಸಲಗ' ಚಿತ್ರದಲ್ಲಿ ಗಿರಿಜಾ ಸಿದ್ದಿ ಮತ್ತವರ ಸಂಗಡಿಗರ ದನಿಯ 'ಟಿಣಿಂಗ ಮಿಣಿಂಗ ಟಿಶ್ಯ' ಹಾಡು ಊರೂರಿನ ಮದುವೆ ಮೆರವಣಿಗೆಗೂ ಬಂತು. ಹಿಂದಿನ ದಿನ ಮುಂಡಗೋಡಿನಲ್ಲಿ ಕಂಡದ್ದೂ ಇಂಥದೇ. 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತು ಅದು. ಅಲ್ಲಿನ ದ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು 1988ರಿಂದ ತಮ್ಮ ಗಂಭೀರ ಮಂತ್ರಘೋಷವನ್ನು ಅಮೆರಿಕದ ದೊಡ್ಡ ಸಭಾಂಗಣಗಳಿಗೆ ಒಯ್ದಿದ್ದಾರೆ. ಕೇಳುವವರಿಗಾಗಿ ದನಿಯನ್ನು ಬದಲಿಸಿಕೊಳ್ಳಲಿಲ್ಲ.

ದಾಂಡೇಲಿ ಸಮೀಪಿಸಿತು. "ನಿನಗ ದಮಾಮಿ ಹಾಡು ಬರ್ತಾವೇನೋ?" ಎಂದು ಹುಡುಗನನ್ನು ಕೇಳಿದೆ. "ನಮ್ಮಜ್ಜಿಗೆ ಬರ್ತಾವ ರೀ," ಎಂದವನು ಸ್ವಲ್ಪ ತಡೆದು, "ನಾ ಕಲತಿಲ್ಲ" ಎಂದ.

ಈ ಮಾತು ಜೋಯಿಡಾದ ದಾರಿಯುದ್ದಕ್ಕೂ ಕಾಡಿತು. ಹಳೆಯ ಸೂಪಾ ಪಟ್ಟಣ ಕಾಳಿ ಅಣೆಕಟ್ಟಿನ ನೀರಿನಡಿ ಸೇರಿದ್ದರಿಂದಲೇ ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಮುಳುಗಿದ ಊರಿಗೆ ಬದಲಾಗಿ ಇನ್ನೊಂದು ಊರು ಎದ್ದೀತು. ಅಜ್ಜಿಯೊಡನೆ ಹೋದ ಹಾಡಿಗೆ ಬದಲಿ ಎಲ್ಲಿಂದ ತರುವುದು?

ಮಕ್ಕಳು ರ‍್ಯಾಪ್ ಕೇಳಿದರೆ ಪಾಲಕರು ಬೆದರಬೇಕಾಗಿಲ್ಲ. ಅದಕ್ಕೂ ಮಾತಿನ ಹಿಡಿತ ಬೇಕು, ಉಸಿರಿನ ಸಾಧನೆ ಬೇಕು, ವರ್ಷಗಳ ತಾಳ್ಮೆ ಬೇಕು. ಓದು ಬಿಟ್ಟರೆ ಹಾಡು ಒಲಿಯುತ್ತದೆ ಎಂದು ವಿದ್ಯಾರ್ಥಿಗಳೂ ಭ್ರಮಿಸಬಾರದು. ಆದರೆ ದೂರದ ವೇದಿಕೆಯ ಕನಸು ಕಾಣುವ ಮೊದಲು ಒಂದು ಸಂಜೆ ಅಜ್ಜಿಯ ಬಳಿ ಕುಳಿತು ಒಂದು ಹಾಡು ಕಲಿಯಲಿ. ಅದಕ್ಕೆ ಬಸ್ ಚಾರ್ಜೂ ಬೇಕಿಲ್ಲ.